ಗಂಡನ ಸಾಲ, ವಿಧವೆಯ ಹೊಣೆ: ಬಂಧುಗಳು ತಿಳಿದಿರಬೇಕಾದ ವಿಷಯಗಳು

ಒಕ್ಕಲುತನದಲ್ಲಿ ಸಾಲ ಮಾಡದವರು ವಿರಳ. ಮುಂಗಾರು ಮಳೆ ಬೀಳುವ ಮೊದಲೇ ಬೀಜ, ಗೊಬ್ಬರಗಳಿಗೆ ಹಣ ಬೇಕು. ಬೆಳೆ ಕೈಗೆ ಬರುವುದು ನಾಲ್ಕಾರು ತಿಂಗಳ ನಂತರ. ಆದುದರಿಂದ ಸಾಲವೂ ಬೇಸಾಯದ ಒಂದು ಸಾಧನವೇ ಆಗಿದೆ. ಆದರೆ ಸಾಲ ತಂದ ಯಜಮಾನನು ಅದು ತೀರುವ ಮೊದಲೇ ತೀರಿಕೊಂಡರೆ, ಹಿಂದುಳಿದ ವಯಸ್ಸಾದ ಹೆಂಡತಿಯ ಪಾಡು ಕಠಿಣವಾಗುತ್ತದೆ. ಎಷ್ಟು ಸಾಲ, ಯಾರದು, ಯಾವ ಬಡ್ಡಿ ಎಂಬುದು ಅನೇಕ ವೇಳೆ ಆಕೆಗೆ ತಿಳಿದೇ ಇರುವುದಿಲ್ಲ. ಇಂತಹ ಸಮಯದಲ್ಲಿ ಮಗ, ಮಗಳು, ಅಳಿಯ, ತಮ್ಮ ಅಥವಾ ಮೈದುನನ ಮಗ ಮುಂದೆ ಬಂದು ಸಹಾಯ ಮಾಡುವುದು ರೂಢಿ. ಆ ಸಹಾಯ ಸರಿಯಾದ ದಾರಿಯಲ್ಲಿ ನಡೆಯಲು ಬೇಕಾದ ತಿಳಿವಳಿಕೆಯನ್ನು ಇಲ್ಲಿ ಕೊಡಲಾಗಿದೆ.

ಬೀದರ ಜಿಲ್ಲೆಯ ಉತ್ತರ ಭಾಗದಲ್ಲಿ, ಹಳೆಯ ಔರಾದ ತಾಲ್ಲೂಕಿನ ಠಾಣಾ ಕುಶನೂರ ಹೋಬಳಿಯ ಪರಿಸ್ಥಿತಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇದು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಪ್ರದೇಶ. ಸೋಯಾಬೀನ್, ತೊಗರಿ, ಹೆಸರು, ಉದ್ದು ಮುಂಗಾರಿನ ಬೆಳೆಗಳು. ಜೋಳ, ಕಡಲೆ ಹಿಂಗಾರಿನವು. ಒಂದೇ ಮನೆಯವರು ಬೆಳೆ ಸಾಲವನ್ನು ಸೊಸೈಟಿಯಲ್ಲಿ, ಕೊಳವೆ ಬಾವಿಯ ಸಾಲವನ್ನು ಬ್ಯಾಂಕಿನಲ್ಲಿ, ಕೈಗಡವನ್ನು ಊರಿನ ಸಾವುಕಾರರಲ್ಲಿ, ಮುಂಗಡವನ್ನು ಭಾಲ್ಕಿ, ಬೀದರ ಅಥವಾ ಗಡಿಯಾಚೆಯ ಉದಗೀರದ ಅಡತಿಯವರಲ್ಲಿ ಪಡೆದಿರುವುದು ಸಾಮಾನ್ಯ. ಮಕ್ಕಳು ದುಡಿಯಲು ಹೈದರಾಬಾದು, ಪುಣೆಗಳಿಗೆ ಹೋಗಿರುತ್ತಾರೆ. ಕಾಗದಪತ್ರಗಳು ಕೆಲವು ಕನ್ನಡದಲ್ಲಿ, ಕೆಲವು ಮರಾಠಿಯಲ್ಲಿ, ಹೈದರಾಬಾದ್ ಸಂಸ್ಥಾನದ ಕಾಲದವು ಉರ್ದುವಿನಲ್ಲಿ ಇರಬಹುದು. ದಿನಕರ್ಮ ಮುಗಿಯುವ ಮೊದಲೇ ಸಾಲಗಾರರು ಬಾಗಿಲಿಗೆ ಬಂದರೆ ಆ ಮುದುಕಿ ಯಾರಿಗೆ ಏನು ಉತ್ತರ ಹೇಳಬೇಕು?

ಮೂಲ ನಿಯಮ: ಸಾಲವು ಆಸ್ತಿಯನ್ನು ಹಿಂಬಾಲಿಸುತ್ತದೆ

ಮೊಟ್ಟಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿ ಇದು. ಸತ್ತವರ ಸಾಲವನ್ನು ಸತ್ತವರು ಬಿಟ್ಟುಹೋದ ಆಸ್ತಿಯಿಂದ ತೀರಿಸಬೇಕೇ ಹೊರತು, ಹೆಂಡತಿಯ ಸ್ವಂತ ಆಸ್ತಿಯಿಂದಾಗಲಿ ಆಕೆಯ ದುಡಿಮೆಯಿಂದಾಗಲಿ ಅಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 50 ಮತ್ತು 52ನೇ ಕಲಮುಗಳ ಪ್ರಕಾರ ವಾರಸುದಾರರ ಹೊಣೆಯು, ಮೃತನ ಆಸ್ತಿಯಲ್ಲಿ ಅವರ ಕೈಗೆ ಬಂದಷ್ಟಕ್ಕೆ ಮಾತ್ರ ಸೀಮಿತ. ಗಂಡನು ಬಿಟ್ಟುಹೋದದ್ದು ಒಂದು ಜೊತೆ ಎತ್ತು ಮಾತ್ರ, ಸಾಲ ಮೂರು ಲಕ್ಷ ಎಂದಿದ್ದರೆ, ಆ ಎತ್ತುಗಳ ಬೆಲೆಗಿಂತ ಹೆಚ್ಚಿನ ಹಣವನ್ನು ಆಕೆಯಿಂದ ಕಾನೂನಿನ ಮೂಲಕ ವಸೂಲು ಮಾಡಲು ಬರುವುದಿಲ್ಲ.

ಆಕೆಯ ತವರಿನವರು ಕೊಟ್ಟ ಬಂಗಾರ, ಆಕೆಯ ಹೆಸರಿನಲ್ಲಿ ಕೊಂಡ ಹೊಲ, ಸ್ವಸಹಾಯ ಸಂಘದಲ್ಲಿ ಆಕೆ ಕೂಡಿಟ್ಟ ಉಳಿತಾಯ, ಆಕೆಗೆ ಬರುವ ಪಿಂಚಣಿ, ಇವು ಗಂಡನ ಆಸ್ತಿಯಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮಿನಂತೆ ಹೆಂಗಸಿನ ಸ್ವಂತ ಆಸ್ತಿಗೆ ಆಕೆಯೇ ಪೂರ್ಣ ಒಡತಿ. ಮುಸಲ್ಮಾನ ಕುಟುಂಬಗಳಲ್ಲಿಯೂ ಇದೇ ತತ್ವವಿದೆ: ಅಂತ್ಯಕ್ರಿಯೆಯ ಖರ್ಚು ಮತ್ತು ಸಾಲಗಳನ್ನು ಮೃತನ ಆಸ್ತಿಯಿಂದ ಮೊದಲು ತೆಗೆದು, ಉಳಿದದ್ದನ್ನು ವಾರಸುದಾರರು ಹಂಚಿಕೊಳ್ಳುತ್ತಾರೆ. ಅಲ್ಲಿ ಮಕ್ಕಳಿದ್ದರೆ ವಿಧವೆಗೆ ಎಂಟನೇ ಒಂದು ಪಾಲು, ಇಲ್ಲದಿದ್ದರೆ ನಾಲ್ಕನೇ ಒಂದು ಪಾಲು ಸಲ್ಲುತ್ತದೆ.

“ತಂದೆಯ ಸಾಲ ತೀರಿಸುವುದು ಮಗನ ಧರ್ಮ” ಎಂಬ ಮಾತು ಹಳ್ಳಿಗಳಲ್ಲಿ ಬಲವಾಗಿದೆ. ಧರ್ಮದ ಮಾತನ್ನು ಅವರವರ ಮನಸ್ಸಿಗೆ ಬಿಡಬಹುದು. ಆದರೆ 2005ರ ತಿದ್ದುಪಡಿಯು ಜಾರಿಗೆ ಬಂದ ನಂತರ, ಅಂದರೆ 2005ರ ಸೆಪ್ಟೆಂಬರ್ 9ರ ತರುವಾಯ ಮಾಡಿದ ಸಾಲಕ್ಕೆ, ಧರ್ಮದ ಹೊಣೆ ಎಂಬ ಒಂದೇ ಕಾರಣದಿಂದ ಮಗನ ಅಥವಾ ಮೊಮ್ಮಗನ ಮೇಲೆ ಕ್ರಮ ಕೈಕೊಳ್ಳಲು ನ್ಯಾಯಾಲಯ ಒಪ್ಪುವುದಿಲ್ಲ.

ಇನ್ನೂ ಮೂರು ರಕ್ಷಣೆಗಳುಂಟು:

1. ಹಣದ ಡಿಕ್ರಿಗಾಗಿ ಹೆಂಗಸನ್ನು ಬಂಧಿಸುವಂತಿಲ್ಲ (ಸಂಹಿತೆಯ 56ನೇ ಕಲಂ).

2. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಒಕ್ಕಲಿಗನ ಕೃಷಿ ಉಪಕರಣಗಳು, ಜೀವನಕ್ಕೆ ಬೇಕಾದ ದನಗಳು, ಬಿತ್ತನೆ ಬೀಜ ಮತ್ತು ಒಕ್ಕಲಿಗನು ವಾಸಿಸುವ ಸ್ವಂತ ಮನೆ, ಇವುಗಳಿಗೆ ಸಾಮಾನ್ಯ ಹಣದ ಡಿಕ್ರಿಯಲ್ಲಿ ಜಪ್ತಿಯಿಂದ ರಕ್ಷಣೆ ಇದೆ (60ನೇ ಕಲಂ). ಆದರೆ ಹೊಲಕ್ಕೆ ಈ ರಕ್ಷಣೆ ಇಲ್ಲ.

3. ಗಂಡನು ಕೊಟ್ಟಿದ್ದ ಚೆಕ್ಕು ತಿರಸ್ಕೃತವಾಯಿತೆಂದು ಹೆಂಡತಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲು ಬರುವುದಿಲ್ಲ. ಆ ಅಪರಾಧ ಚೆಕ್ಕು ಬರೆದವನಿಗೆ ಮಾತ್ರ ಸಂಬಂಧಿಸಿದ್ದು.

ಯಾವಾಗ ಆಕೆಯೇ ಹೊಣೆಗಾರಳು?

ಮೇಲಿನ ನಿಯಮಕ್ಕೆ ಹೊರತಾದ ಸಂದರ್ಭಗಳನ್ನೂ ತಿಳಿದಿರಬೇಕು. ಗಂಡನ ಸಾಲಕ್ಕೆ ಆಕೆಯೂ ಸಹ-ಸಾಲಗಾರಳಾಗಿ ಅಥವಾ ಜಾಮೀನುದಾರಳಾಗಿ ರುಜು ಮಾಡಿದ್ದರೆ, ಆ ಸಾಲಕ್ಕೆ ಆಕೆಯ ಸ್ವಂತ ಆಸ್ತಿಯೂ ಹೊಣೆ. ಸ್ವಸಹಾಯ ಸಂಘ ಮತ್ತು ಮೈಕ್ರೋ ಫೈನಾನ್ಸ್ ಸಾಲಗಳು ಬಹುಮಟ್ಟಿಗೆ ಹೆಂಗಸರ ಹೆಸರಿನಲ್ಲಿಯೇ ಇರುತ್ತವೆ. ಹಣವನ್ನು ಗಂಡನೇ ಖರ್ಚು ಮಾಡಿದ್ದರೂ ಅದು ಕಾಗದದ ಮೇಲೆ ಆಕೆಯ ಸಾಲವೇ. ಜಮೀನು ಒತ್ತೆಯಿಟ್ಟು ತಂದ ಸಾಲವು, ಆ ಜಮೀನು ಯಾರ ಕೈಗೆ ಹೋದರೂ ಅದರ ಮೇಲೆ ಇದ್ದೇ ಇರುತ್ತದೆ.

ಇನ್ನೊಂದು ಸಂದರ್ಭವನ್ನು ಅನೇಕರು ಗಮನಿಸುವುದಿಲ್ಲ. ಗಂಡನ ಎತ್ತು, ಕಾಳು, ಟ್ರಾಲಿ ಮಾರಿ ಬಂದ ಹಣ ಎಲ್ಲಿ ಹೋಯಿತೆಂದು ವಾರಸುದಾರರು ತೋರಿಸಲಾರದೆ ಹೋದರೆ, ಅಷ್ಟರ ಮಟ್ಟಿಗೆ ಅವರು ಸ್ವಂತವಾಗಿ ಹೊಣೆಯಾಗುತ್ತಾರೆ. ಆದುದರಿಂದ ಸಾವಿನ ದಿನದಿಂದಲೇ ಮಾರಿದ್ದು, ಕೊಟ್ಟದ್ದು, ಬಂದದ್ದು ಎಲ್ಲವನ್ನೂ ಒಂದು ವಹಿಯಲ್ಲಿ ಬರೆದಿಡತಕ್ಕದ್ದು.

ಮೊದಲ ತಿಂಗಳಲ್ಲಿ ಮಾಡಬಾರದ್ದು

ಯಾವ ಕಾಗದದ ಮೇಲೂ ಹೆಬ್ಬೆಟ್ಟು ಒತ್ತಬಾರದು. ಇದು ಇಡೀ ಲೇಖನದ ಅತಿ ಮುಖ್ಯವಾದ ಸಲಹೆ. ಸಾವುಕಾರರು ಹಳೆಯ ಚೀಟಿಯನ್ನು ಹರಿದು ಹಾಕಿ, ಅಸಲು-ಬಡ್ಡಿ ಕೂಡಿಸಿ, ವಿಧವೆಯ ಹೆಸರಿನಲ್ಲಿ ಹೊಸ ಚೀಟಿ ಬರೆಯಿಸಿಕೊಳ್ಳಲು ಬಯಸುವುದುಂಟು. ಹಾಗೆ ಬರೆದುಕೊಟ್ಟ ಕ್ಷಣದಲ್ಲಿ ಗಂಡನ ಸಾಲ ಹೆಂಡತಿಯ ಸಾಲವಾಗಿ ಮಾರ್ಪಡುತ್ತದೆ. ಮೃತನ ಆಸ್ತಿಯ ಮಿತಿ ಅಲ್ಲಿಗೆ ಮುಗಿಯಿತು.

ವಾಯಿದೆ ಮೀರಿದ ಸಾಲವೂ ಹೀಗೆಯೇ ಮರುಜೀವ ಪಡೆಯುತ್ತದೆ. 1963ರ ಕಾಲಮಿತಿ ಕಾಯ್ದೆಯಂತೆ ಒತ್ತೆಯಿಲ್ಲದ ಕೈಸಾಲಕ್ಕೆ ಸಾಮಾನ್ಯವಾಗಿ 3 ವರ್ಷದೊಳಗೆ, ಜಮೀನು ಒತ್ತೆಯ ಸಾಲಕ್ಕೆ ಹಣ ಕೊಡಬೇಕಾದ ದಿನದಿಂದ 12 ವರ್ಷದೊಳಗೆ ದಾವೆ ಹೂಡಬೇಕು. ಅವಧಿಯೊಳಗೆ ಸಾಲವನ್ನು ಒಪ್ಪಿ ರುಜು ಮಾಡಿದರೆ ಅಲ್ಲಿಂದ ಹೊಸ ಅವಧಿ ಆರಂಭವಾಗುತ್ತದೆ. ಅವಧಿ ಮೀರಿದ ಮೇಲೆ ಕೂಡ “ಕೊಡುತ್ತೇನೆ” ಎಂದು ಬರೆದು ರುಜು ಮಾಡಿದರೆ, ಕರಾರು ಕಾಯ್ದೆಯ 25ನೇ ಕಲಮಿನಂತೆ ಆ ಮಾತು ಊರ್ಜಿತ. ಸಹಕಾರ ಸಂಘಗಳ ಸಾಲಕ್ಕೆ ಅವಧಿಯ ಎಣಿಕೆ ಬೇರೆ ರೀತಿ ಇರುವುದರಿಂದ ಅದನ್ನು ಈ ಲೆಕ್ಕಕ್ಕೆ ಸೇರಿಸಬಾರದು.

ಆದರೆ ಹೆಬ್ಬೆಟ್ಟು ಒತ್ತಲು ಆಕೆಯನ್ನು ಪ್ರೇರೇಪಿಸುವುದು ಭಯ ಒಂದೇ ಅಲ್ಲ. “ಅವರ ಋಣ ಮ್ಯಾಲೆ ಇಟ್ಕೊಂಡು ನಾ ಹೆಂಗ ಸಾಯ್ಲಿ” ಎಂಬ ಸಂಕಟ ಹಳೆಯ ತಲೆಮಾರಿನ ಹೆಂಗಸರಲ್ಲಿ ನಿಜವಾಗಿಯೂ ಇರುತ್ತದೆ. ಅದನ್ನು ಹಗುರವಾಗಿ ಕಾಣಬಾರದು. “ಕಾಕಿ, ಕಾಕಾನ ಸಾಲ ಮುಳುಗಸೂದಿಲ್ಲ, ಖರೇ ಎಷ್ಟದ ಅಷ್ಟು ಕೊಡೋಣ್ರಿ. ಲೆಕ್ಕ ಆಗೂತನಕ ಹೆಬ್ಬೆಟ್ಟು ಮಾತ್ರ ಹಚ್ಚಬ್ಯಾಡ್ರಿ” ಎಂದು ಮೈದುನನ ಮಗ ಸಮಾಧಾನದಿಂದ ಹೇಳಿದರೆ ಆಕೆಗೆ ಧೈರ್ಯ ಬರುತ್ತದೆ. ನಿಜವಾದ ಸಾಲವನ್ನು ತೀರಿಸುವುದಕ್ಕೂ, ಕೇಳಿದ್ದಕ್ಕೆಲ್ಲ ತಲೆದೂಗುವುದಕ್ಕೂ ವ್ಯತ್ಯಾಸ ಇದೆ ಎಂಬುದನ್ನು ತಿಳಿಸಿಕೊಡುವುದೇ ಬಂಧುವಿನ ಮೊದಲ ಕೆಲಸ.

ಬಂದ ಸಾಲಗಾರರಿಗೆ ಕೊಡಬೇಕಾದ ಉತ್ತರ ಒಂದೇ: “ನಿಮ್ಮ ಕಾಗದದ ನಕಲು ಮತ್ತು ಲೆಕ್ಕ ಬರೆದು ಕೊಡಿ, ನೋಡಿ ಉತ್ತರ ಹೇಳುತ್ತೇವೆ.” ಸಿಟ್ಟು, ಜಗಳ ಬೇಡ. ಖಾಲಿ ಕಾಗದ, ಖಾಲಿ ಚೆಕ್ಕು, ಮೂಲ ಪಹಣಿ, ಬ್ಯಾಂಕಿನ ಪಾಸ್‌ಬುಕ್ಕು, ಆಧಾರ್ ಚೀಟಿ ಯಾವುದನ್ನೂ ಅವರ ಕೈಗೆ ಕೊಡಬಾರದು.

ಮೊದಲ ತಿಂಗಳಲ್ಲಿ ಮಾಡಬೇಕಾದ್ದು

1. ಮರಣ ನೋಂದಣಿ: ಮರಣವನ್ನು 21 ದಿನಗಳೊಳಗೆ ನೋಂದಣಾಧಿಕಾರಿಗೆ ತಿಳಿಸತಕ್ಕದ್ದು. ಒಂದು ವರ್ಷ ಮೀರಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗಿ ಅಲೆದಾಟ ಹೆಚ್ಚುತ್ತದೆ. ಪ್ರಮಾಣ ಪತ್ರದ ಏಳೆಂಟು ಪ್ರತಿಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು.

2. ವಂಶವೃಕ್ಷ ಮತ್ತು ಬದುಕಿರುವ ಕುಟುಂಬ ಸದಸ್ಯರ ಪ್ರಮಾಣ ಪತ್ರ: ಇವುಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಹೆಣ್ಣುಮಕ್ಕಳ ಹೆಸರನ್ನು ಬಿಡಬಾರದು. ಬಿಟ್ಟರೆ ಮುಂದೆ ತಕರಾರು ತಪ್ಪದು.

3. ಪಹಣಿ: ಇದರ 11ನೇ ಅಂಕಣದಲ್ಲಿ ಸಾಲದ ಬೋಜಾ ನಮೂದಾಗಿರುತ್ತದೆ. ಯಾವ ಸರ್ವೆ ನಂಬರಿನ ಮೇಲೆ ಯಾವ ಸಂಸ್ಥೆಯ ಎಷ್ಟು ಸಾಲ ಎಂಬುದು ಅಲ್ಲಿ ಕಾಣುತ್ತದೆ. ತೀರಿದ ಸಾಲದ ಬೋಜಾ ಹಾಗೆಯೇ ಉಳಿದಿರುವುದೂ ಉಂಟು. ಆಗ ಬೇಬಾಕಿ ಪತ್ರ ತಂದು ಅದನ್ನು ತೆಗೆಸಬೇಕು.

4. ಋಣಭಾರ ಪತ್ರ: ಉಪ ನೋಂದಣಾಧಿಕಾರಿಯ ಕಚೇರಿಯಿಂದ ಇದನ್ನು ಪಡೆದರೆ ನೋಂದಾಯಿತ ಒತ್ತೆ, ಭೋಗ್ಯ, ಖರೀದಿ ಪತ್ರಗಳು ತಿಳಿಯುತ್ತವೆ. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸಾಲಕ್ಕೆ ಜಮೀನನ್ನು ಒತ್ತೆ ಬರೆಯುವ ಪತ್ರ ನೋಂದಣಿಯಾಗಿರಲೇಬೇಕು. ಬರೀ ಸ್ಟಾಂಪು ಕಾಗದದ ಮೇಲೆ “ಹೊಲ ಒತ್ತೆ ಇಟ್ಟಿದ್ದಾರೆ” ಎಂದು ಬರೆದುಕೊಂಡಿದ್ದರೆ ಅದರಿಂದ ಹೊಲದ ಮೇಲೆ ಒತ್ತೆಯ ಹಕ್ಕು ಬರುವುದಿಲ್ಲ.

5. ವಿಮೆಯ ಶೋಧ: ಗಂಡನ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 436 ರೂ. ಕಡಿತವಾಗಿದ್ದರೆ ಅದು ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆ, 20 ರೂ. ಆಗಿದ್ದರೆ ಸುರಕ್ಷಾ ವಿಮೆ. ಮೊದಲಿನದು 55 ವರ್ಷದವರೆಗೆ ಯಾವುದೇ ಕಾರಣದ ಸಾವಿಗೆ, ಎರಡನೆಯದು 70 ವರ್ಷದವರೆಗೆ ಅಪಘಾತದ ಸಾವಿಗೆ 2 ಲಕ್ಷ ರೂ. ಕೊಡುತ್ತದೆ. ಹಾವು ಕಚ್ಚಿ ಸತ್ತರೂ ಅದು ಅಪಘಾತವೇ. ಅದಕ್ಕೆ ತಕ್ಕ ದಾಖಲೆ ಬೇಕು. ಮೈಕ್ರೋ ಫೈನಾನ್ಸ್ ಸಾಲ ಹೆಂಡತಿಯ ಹೆಸರಿನಲ್ಲಿದ್ದರೂ ಅನೇಕ ವೇಳೆ ಗಂಡನ ಜೀವಕ್ಕೂ ವಿಮೆ ಮಾಡಿಸಿರುತ್ತಾರೆ. ಸಾಲದ ಕಾರ್ಡು ತೋರಿಸಿ ಇದನ್ನು ಕೇಳಬೇಕು. ವಿಮೆಯಿಂದಲೇ ತೀರಬೇಕಾದ ಸಾಲವನ್ನು ಕೈಯಿಂದ ಕಟ್ಟುವುದು ವ್ಯರ್ಥ.

6. ಬೆಳೆ ವಿಮೆ: ಮೃತನ ಹೆಸರಿನಲ್ಲಿ ಬರಬೇಕಾದ ಬೆಳೆ ವಿಮೆಯ ಪರಿಹಾರ ಬಾಕಿ ಇದ್ದರೆ ಅದೂ ಆಸ್ತಿಯೇ. ಬ್ಯಾಂಕಿನಲ್ಲಿಯೂ ರೈತ ಸಂಪರ್ಕ ಕೇಂದ್ರದಲ್ಲಿಯೂ ವಿಚಾರಿಸಬೇಕು.

ಸಾಲದ ಲೆಕ್ಕ: ಒಂದು ಮಾದರಿ

ಕಾಗದಗಳು ಕೈಗೆ ಬಂದ ಮೇಲೆ ಪ್ರತಿಯೊಂದು ಸಾಲಕ್ಕೂ ಐದು ವಿಷಯಗಳನ್ನು ಬರೆಯಬೇಕು: ಯಾರ ಸಾಲ, ಯಾವ ದಿನ ತಂದದ್ದು, ಅಸಲು ಎಷ್ಟು, ಬಡ್ಡಿ ಎಷ್ಟು, ಕಟ್ಟಿದ್ದು ಎಷ್ಟು. ತಿಳಿವಳಿಕೆಗಾಗಿ ಒಂದು ಕಲ್ಪಿತ ಲೆಕ್ಕವನ್ನು ಕೆಳಗೆ ಕೊಟ್ಟಿದೆ. ಮೃತನಿಗೆ ಸ್ವಂತ ಸಂಪಾದನೆಯ 4 ಎಕರೆ ಒಣ ಭೂಮಿ. ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ವಾರಸುದಾರರು ಎಂದು ಇಟ್ಟುಕೊಳ್ಳಬಹುದು.

ಕೇಳಿದ ಹಣ:
ಸೊಸೈಟಿಯ ಬೆಳೆ ಸಾಲ – 75,000 ರೂ.
ಬ್ಯಾಂಕಿನ ಕೊಳವೆ ಬಾವಿ ಸಾಲ – 1,20,000 ರೂ.
ಅಡತಿಯವರ ಮುಂಗಡ – 30,000 ರೂ.
ಸಾವುಕಾರರ ಸಾಲ, ಅಸಲು 40,000 ರೂ., ನೂರಕ್ಕೆ ತಿಂಗಳಿಗೆ 3 ರೂ. ಬಡ್ಡಿಯಂತೆ 2 ವರ್ಷಕ್ಕೆ – 68,800 ರೂ.
ನೆರೆಯವರ ಕೈಗಡ – 10,000 ರೂ.
ಒಟ್ಟು – 3,03,800 ರೂ.

ಪರಿಶೀಲಿಸಿದ ಮೇಲೆ:
ಸೊಸೈಟಿ ಮತ್ತು ಬ್ಯಾಂಕಿನ ಲೆಕ್ಕ ಪಾಸ್‌ಬುಕ್ಕಿಗೆ ಸರಿಹೊಂದಿತು – 1,95,000 ರೂ.
ಅಡತಿಯವರು ಹಿಂದಿನ ತೊಗರಿ ಮಾರಾಟದ 18,000 ರೂ.ಗಳನ್ನು ಜಮಾ ಮಾಡಿರಲಿಲ್ಲ. ಮಾರಾಟದ ಚೀಟಿ ಮನೆಯಲ್ಲಿ ಸಿಕ್ಕಿತು. ಉಳಿದದ್ದು – 12,000 ರೂ.
ಸಾವುಕಾರರ ಅಸಲಿಗೆ ಶೇ. 16ರಂತೆ 2 ವರ್ಷದ ಬಡ್ಡಿ 12,800 ರೂ. ಸೇರಿ 52,800 ರೂ.; ಅದರಲ್ಲಿ ಫೋನಿನ ಮೂಲಕ ಕಳಿಸಿದ್ದ 20,000 ರೂ. ಕಳೆದು – 32,800 ರೂ.
ನೆರೆಯವರ ಕೈಗಡಕ್ಕೆ ಕಾಗದವಿಲ್ಲ, ಆದರೆ ಮನೆಯವರೆಲ್ಲರಿಗೂ ಗೊತ್ತಿರುವ ಸತ್ಯ – 10,000 ರೂ.
ಒಟ್ಟು – 2,49,800 ರೂ.

ಯಾರ ನ್ಯಾಯವಾದ ಹಣವನ್ನೂ ಮುಳುಗಿಸದೆ 54,000 ರೂ. ಕಡಿಮೆಯಾಯಿತು. ಮೃತನ ಫೋನು, ಪಾಸ್‌ಬುಕ್ಕು, ಅಂಗಿಯ ಕಿಸೆಯ ಚೀಟಿ, ಗೋಡೆಯ ಕ್ಯಾಲೆಂಡರಿನ ಮೇಲಿನ ಗುರುತು ಯಾವುದನ್ನೂ ನೋಡದೆ ಬಿಡಬಾರದು ಎಂಬುದು ಇದರಿಂದ ತಿಳಿಯುತ್ತದೆ. ಫೋನಿನ ಸಿಮ್ಮನ್ನು ಲೆಕ್ಕ ಮುಗಿಯುವವರೆಗೆ ರದ್ದು ಮಾಡಿಸಬಾರದು.

ಖಾಸಗಿ ಸಾಲ ಮತ್ತು ಬಡ್ಡಿ

“ನೂರಕ್ಕೆ ಮೂರು” ಎಂಬುದು ಕೇಳಲು ಸಣ್ಣದಾದರೂ ವರ್ಷಕ್ಕೆ ಶೇ. 36 ಆಗುತ್ತದೆ, “ನೂರಕ್ಕೆ ಐದು” ಎಂದರೆ ಶೇ. 60. ಕರ್ನಾಟಕದಲ್ಲಿ 1961ರ ಲೇವಾದೇವಿದಾರರ ಕಾಯ್ದೆಯಂತೆ ಬಡ್ಡಿ ವ್ಯವಹಾರ ನಡೆಸುವವರು ಪರವಾನಿಗೆ ಪಡೆದಿರಬೇಕು, ಲೆಕ್ಕ ಇಡಬೇಕು, ರಸೀದಿ ಕೊಡಬೇಕು. ಭದ್ರತೆ ಇರುವ ಸಾಲಕ್ಕೆ ವರ್ಷಕ್ಕೆ ಶೇ. 14, ಭದ್ರತೆ ಇಲ್ಲದ ಸಾಲಕ್ಕೆ ಶೇ. 16 ಗರಿಷ್ಠ ಬಡ್ಡಿ ಎಂದು ಸರ್ಕಾರ ಗೊತ್ತುಪಡಿಸಿದೆ. ಸಾಲ ಕೊಟ್ಟಾಗ ಪರವಾನಿಗೆ ಇಲ್ಲದ ಲೇವಾದೇವಿದಾರನಿಗೆ ನ್ಯಾಯಾಲಯ ಡಿಕ್ರಿ ಕೊಡುವುದಿಲ್ಲ. ಗೆಳೆತನಕ್ಕಾಗಿ ಒಮ್ಮೆ ಕೈಗಡ ಕೊಟ್ಟವರನ್ನು ಮಾತ್ರ ಲೇವಾದೇವಿದಾರರೆಂದು ಎಣಿಸಲಾಗದು. ಉದಗೀರದಂತಹ ಊರಿನ ಸಾಲಕ್ಕೆ ಮಹಾರಾಷ್ಟ್ರದ 2014ರ ಕಾಯ್ದೆ ಅನ್ವಯಿಸಬಹುದು. ಅಲ್ಲಿಯೂ ಪರವಾನಿಗೆ ಕಡ್ಡಾಯ.

ವಿಪರೀತ ಬಡ್ಡಿಯನ್ನು ನಿಷೇಧಿಸುವ ಕರ್ನಾಟಕದ 2004ರ ಕಾಯ್ದೆ ಬೇರೆ ಇದೆ. ಅದರಲ್ಲಿ 3 ವರ್ಷದವರೆಗೆ ಸೆರೆವಾಸದ ಶಿಕ್ಷೆ ಉಂಟು. ಸಾಲ ವಸೂಲಿಗಾಗಿ ಬೆದರಿಸುವುದು, ಮನೆಯ ಮುಂದೆ ಕುಳಿತು ಅವಮಾನಿಸುವುದು, ಸಾಮಾನು ಹೊತ್ತೊಯ್ಯುವುದು ಮುಂತಾದ ಬಲವಂತದ ಕ್ರಮಗಳನ್ನು ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಅದರಲ್ಲಿ 10 ವರ್ಷದವರೆಗೆ ಸೆರೆವಾಸ ಮತ್ತು 5 ಲಕ್ಷ ರೂ.ವರೆಗೆ ದಂಡದ ಉಪಬಂಧ ಮಾಡಲಾಯಿತು. ಕಿರುಕುಳ ಮಿತಿಮೀರಿದರೆ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಬೇಕು. ತುರ್ತಿಗೆ 112 ಇದೆ.

2018ರ ಕರ್ನಾಟಕ ಋಣ ಪರಿಹಾರ ಕಾಯ್ದೆಯು 2019ರ ಜುಲೈಯಲ್ಲಿ ಜಾರಿಗೆ ಬಂದಾಗ ಸಣ್ಣ ರೈತರು ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಲು 90 ದಿನಗಳ ಅವಕಾಶವಿತ್ತು. ಆ ಅವಧಿ ಮುಗಿದುಹೋಗಿದೆ. “ಎಲ್ಲ ಸಾಲ ಮನ್ನಾ ಮಾಡಿಸುತ್ತೇವೆ” ಎಂದು ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು.

ಸೊಸೈಟಿ ಮತ್ತು ಬ್ಯಾಂಕಿನ ಸಾಲ

ಸಾವಿನ ಸುದ್ದಿಯನ್ನು ಸೊಸೈಟಿ, ಬ್ಯಾಂಕುಗಳಿಗೆ ಮುಚ್ಚಿಡಬಾರದು. ಕೆಲವು ಕಡೆ ಮೃತನ ಹೆಸರಿನಲ್ಲಿಯೇ ಸಾಲವನ್ನು ಹೊಸದು-ಹಳೆಯದು ಮಾಡುವ ರೂಢಿ ಇದೆ. ಇದು ಅಕ್ರಮ, ಮುಂದೆ ವಾರಸುದಾರರಿಗೇ ತೊಂದರೆ. ಮರಣ ಪ್ರಮಾಣ ಪತ್ರದೊಡನೆ ಅರ್ಜಿ ಕೊಟ್ಟು, ಸಾಲದ ಖಾತೆಯ ಪೂರ್ಣ ವಿವರವನ್ನು ಬರವಣಿಗೆಯಲ್ಲಿ ಪಡೆಯಬೇಕು.

ಬೆಳೆ ಸಾಲಕ್ಕೆ ವಾಯಿದೆಯೊಳಗೆ ಕಟ್ಟಿದರೆ ಮಾತ್ರ ಬಡ್ಡಿ ರಿಯಾಯಿತಿ ಸಿಗುತ್ತದೆ. ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ ಕೊಡುವ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 2023-24ರಲ್ಲಿ 3 ಲಕ್ಷದಿಂದ 5 ಲಕ್ಷ ರೂ.ಗಳಿಗೆ ಏರಿಸಲಾಯಿತು. ಆದುದರಿಂದ ಸೊಸೈಟಿಯ ಸಾಲದ ವಾಯಿದೆಯ ದಿನವನ್ನು ಮೊದಲು ನೋಡಿ, ಸಾಧ್ಯವಾದರೆ ಅದನ್ನೇ ಮೊದಲು ತೀರಿಸಬೇಕು. ಖಾತೆ ಬದಲಾದ ನಂತರ ವಾರಸುದಾರರು ಸದಸ್ಯರಾಗಿ ತಮ್ಮ ಹೆಸರಿನಲ್ಲಿ ಹೊಸ ಸಾಲ ಪಡೆಯಬಹುದು.

ಬ್ಯಾಂಕಿನ ದೀರ್ಘಾವಧಿ ಸಾಲವನ್ನು ಒಂದೇ ಸಲ ಕಟ್ಟಬೇಕೆಂದಿಲ್ಲ. ಕಂತುಗಳನ್ನು ಮರುಹೊಂದಿಸಲು, ಸುಸ್ತಿಯಾದ ಸಾಲವಾದರೆ ಏಕಗಂಟಿನ ತೀರುವಳಿ ಮಾಡಿಕೊಳ್ಳಲು ಅರ್ಜಿ ಕೊಡಬಹುದು. ನ್ಯಾಯಾಲಯಕ್ಕೆ ಹೋಗದೆ ಒತ್ತೆಯ ಆಸ್ತಿಯನ್ನು ಬ್ಯಾಂಕು ವಶಪಡಿಸಿಕೊಳ್ಳಬಹುದಾದ 2002ರ ಸರ್ಫೇಸಿ ಕಾಯ್ದೆಯು ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಆದರೂ ಬಂದ ನೋಟೀಸಿಗೆ ಉತ್ತರ ಕೊಡದೆ ಕುಳಿತುಕೊಳ್ಳುವುದು ಸರಿಯಲ್ಲ.

ಖಾತೆ ಬದಲಾವಣೆ ಮತ್ತು ಪಾಲು

ಸಾಲದ ಭಯದಿಂದ ಖಾತೆ ಬದಲಾಯಿಸದೆ ವರ್ಷಗಟ್ಟಲೆ ಮೃತನ ಹೆಸರಿನಲ್ಲಿಯೇ ಪಹಣಿ ಉಳಿಸಿಕೊಳ್ಳುವವರಿದ್ದಾರೆ. ಇದರಿಂದ ಸಾಲ ತಪ್ಪುವುದಿಲ್ಲ. ಸೌಲಭ್ಯಗಳು ಮಾತ್ರ ತಪ್ಪುತ್ತವೆ. 1964ರ ಭೂಕಂದಾಯ ಕಾಯ್ದೆಯ 128ನೇ ಕಲಮಿನಂತೆ ಹಕ್ಕು ಬಂದ 3 ತಿಂಗಳೊಳಗೆ ವರದಿ ಮಾಡಬೇಕು. ಪೌತಿ ಖಾತೆ ಆಗದಿದ್ದರೆ ಫ್ರೂಟ್ಸ್ ನೋಂದಣಿ, ಬೆಳೆ ಸಾಲ, ಬೆಳೆ ವಿಮೆ, ಬೆಂಬಲ ಬೆಲೆಯಲ್ಲಿ ತೊಗರಿ ಮಾರಾಟ, ಎಲ್ಲಕ್ಕೂ ಅಡಚಣೆ. ಪಿ.ಎಂ. ಕಿಸಾನ್ ಯೋಜನೆಯಲ್ಲಿ 2019ರ ಫೆಬ್ರವರಿ 1ರ ನಂತರ ಜಮೀನಿನ ಒಡೆತನ ಬದಲಾದವರಿಗೆ ಸಾಮಾನ್ಯವಾಗಿ ಅವಕಾಶವಿಲ್ಲವಾದರೂ, ಸಾವಿನಿಂದ ವಾರಸಾ ಬಂದವರಿಗೆ ವಿನಾಯಿತಿ ಉಂಟು. ಮೃತನ ಖಾತೆಗೆ ಬಂದ ಕಂತನ್ನು ಮಾತ್ರ ತೆಗೆದು ಖರ್ಚು ಮಾಡಬಾರದು.

ಹಿಂದೂ ಗಂಡಸಿನ ಸ್ವಂತ ಸಂಪಾದನೆಯ ಆಸ್ತಿಯಲ್ಲಿ, ಉಯಿಲು ಇಲ್ಲದಿದ್ದರೆ, ವಿಧವೆ, ಪ್ರತಿಯೊಬ್ಬ ಮಗ, ಪ್ರತಿಯೊಬ್ಬ ಮಗಳು ಮತ್ತು ಬದುಕಿದ್ದರೆ ಅವನ ತಾಯಿ, ಎಲ್ಲರಿಗೂ ಸಮ ಪಾಲು. ಮೇಲಿನ ಮಾದರಿಯಲ್ಲಿ ನಾಲ್ವರಿಗೆ ಒಂದೊಂದು ಎಕರೆ. ಸಾಲದ ಭಾರವೂ ತಲೆಗೆ 62,450 ರೂ. ಆಗುತ್ತದೆ. ಹೊಲ ಮಕ್ಕಳಿಗೆ, ಸಾಲ ತಾಯಿಗೆ ಎಂಬ ಹಂಚಿಕೆ ನ್ಯಾಯವೂ ಅಲ್ಲ, ಕಾನೂನೂ ಅಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲಿನ ಲೆಕ್ಕ ಬೇರೆಯಾಗುವುದರಿಂದ ವಕೀಲರನ್ನು ಕೇಳಿ ತಿಳಿಯಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ. ಸಾವುಕಾರರು ಬರೆಯಿಸಿಕೊಂಡ ಪತ್ರಕ್ಕೂ ಈ ಮಾತು ಅನ್ವಯಿಸುತ್ತದೆ.

“ನಿನ್ನ ಸಾಲ ನಾ ತೀರಸ್ತೀನಿ, ಹೊಲ ನನ್ನ ಹೆಸರಿಗೆ ಮಾಡು” ಎಂದು ಬಂಧುಗಳೇ ಕೇಳುವುದೂ ಉಂಟು. ಸಾಲ ಎರಡೂವರೆ ಲಕ್ಷ, ಹೊಲದ ಬೆಲೆ ಅದರ ಹಲವು ಪಟ್ಟು ಎಂಬುದನ್ನು ಆಕೆಗೆ ತಿಳಿಸುವವರು ಬೇಕು. ದಾನಪತ್ರ ಬರೆಯಲೇಬೇಕೆಂದಿದ್ದರೆ, “ಬದುಕಿರುವವರೆಗೆ ಅನ್ನ, ವಸ್ತ್ರ, ಔಷಧ ನೋಡಿಕೊಳ್ಳಬೇಕು” ಎಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಬೇಕು. ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ದಾನವನ್ನು ರದ್ದುಪಡಿಸಲು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯಲ್ಲಿ ಕೇಳಬಹುದು. ಷರತ್ತು ಬರೆಯದಿದ್ದರೆ ಈ ಪರಿಹಾರ ಸಿಗುವುದು ಕಷ್ಟ.

ಸುಗ್ಗಿಗೆ ತಕ್ಕಂತೆ ಕಂತು

ತೀರಿಸಬೇಕಾದ ಸಾಲವನ್ನು ಬೆಳೆ ಕೈಗೆ ಬರುವ ಕಾಲಕ್ಕೆ ಹೊಂದಿಸಿ ಕಂತು ಮಾಡಿಕೊಳ್ಳುವುದು ಜಾಣತನ. ಹೆಸರು, ಉದ್ದು ಮಾರಿದ ಹಣ ಮಹಾನವಮಿಯ ಹೊತ್ತಿಗೆ, ಸೋಯಾಬೀನಿನದು ದೀಪಾವಳಿಗೆ, ತೊಗರಿಯದು ಸಂಕ್ರಾಂತಿಯ ನಂತರ, ಕಡಲೆಯದು ಶಿವರಾತ್ರಿಯ ಸುಮಾರಿಗೆ ಬರುತ್ತದೆ. ಮನೆಯ ಕಾಳು, ಮುಂದಿನ ಬಿತ್ತನೆಯ ಬೀಜ-ಗೊಬ್ಬರ, ಆಕೆಯ ಔಷಧದ ಖರ್ಚು, ಈ ಮೂರನ್ನು ಮೊದಲು ತೆಗೆದಿಟ್ಟು ಉಳಿದದ್ದರಲ್ಲಿ ಕಂತು ಕಟ್ಟಬೇಕು. ಬೀಜದ ಹಣವನ್ನೂ ಸಾಲಕ್ಕೆ ಕೊಟ್ಟರೆ ಮುಂದಿನ ವರ್ಷ ಹೊಸ ಸಾಲ ತಪ್ಪದು.

ಕಟ್ಟುವ ಕ್ರಮ ಹೀಗಿರಬಹುದು: ಮೊದಲು ರಿಯಾಯಿತಿ ತಪ್ಪಲಿರುವ ಬೆಳೆ ಸಾಲ, ನಂತರ ಜಮೀನಿನ ಮೇಲೆ ಬೋಜಾ ಇರುವ ಬ್ಯಾಂಕಿನ ಕಂತು, ಆಮೇಲೆ ಲೆಕ್ಕ ಒಪ್ಪಿದ ಖಾಸಗಿ ಸಾಲ. ಪ್ರತಿ ಕಂತಿಗೂ ರಸೀದಿ ಪಡೆಯಬೇಕು; ಸಾಲ ತೀರಿದ ದಿನ ಮೂಲ ಚೀಟಿಯನ್ನು ಹಿಂದಕ್ಕೆ ಪಡೆದು, “ಪೂರ್ಣ ಮುಟ್ಟಿತು” ಎಂದು ಬರೆಸಿಕೊಳ್ಳಬೇಕು. ಒತ್ತೆಯಿಟ್ಟ ಬಂಗಾರವಿದ್ದರೆ ಗಿರವಿ ಚೀಟಿ ನೋಡಿ, ಹರಾಜಿನ ದಿನಕ್ಕೆ ಮೊದಲೇ ಬಿಡಿಸುವ ಅಥವಾ ಮಾರಿ ತೀರಿಸುವ ನಿರ್ಧಾರ ಮಾಡಬೇಕು.

ಆಕೆಗೆ 65 ವರ್ಷ ತುಂಬಿದ್ದು ಅರ್ಹತೆ ಇದ್ದರೆ ಸಂಧ್ಯಾ ಸುರಕ್ಷಾ ಪಿಂಚಣಿಗೆ, ಇಲ್ಲವಾದರೆ ವಿಧವಾ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿಸಬೇಕು. ಈ ಹಣ ಬರಲು ಆಕೆಯ ಹೆಸರಿನಲ್ಲಿ ಬೇರೆ ಖಾತೆ ಇರುವುದು ಲೇಸು. ಗಂಡನ ಸಾಲಕ್ಕೆ ಆಕೆಯ ಪಿಂಚಣಿಯನ್ನು ಹೊಂದಿಸಿಕೊಂಡರೆ ಕೂಡಲೇ ಲಿಖಿತ ತಕರಾರು ಕೊಡತಕ್ಕದ್ದು.

ಸಹಾಯ ಎಲ್ಲಿ ದೊರೆಯುತ್ತದೆ?

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವೆಗಳ ಸಮಿತಿಯಲ್ಲಾಗಲಿ, ಬೀದರದ ಜಿಲ್ಲಾ ಪ್ರಾಧಿಕಾರದಲ್ಲಾಗಲಿ ಅರ್ಜಿ ಕೊಡಬಹುದು; 15100ಕ್ಕೆ ಫೋನು ಮಾಡಬಹುದು. ದಾವೆ ಬೆಳೆಸುವ ಬದಲು ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕೋರ್ಟು ಶುಲ್ಕ ಹಿಂದಕ್ಕೆ ಬರುತ್ತದೆ, ತೀರ್ಪು ಅಂತಿಮವಾಗುತ್ತದೆ. ನ್ಯಾಯಾಲಯದ ಸಮನ್ಸು ಬಂದರೆ ಮಾತ್ರ ತೆಗೆದುಕೊಳ್ಳದೆ ತಿರುಗಿ ಕಳಿಸಬಾರದು. ಹಾಜರಾಗದಿದ್ದರೆ ಏಕಪಕ್ಷೀಯ ಡಿಕ್ರಿಯಾಗಿ, ಇಲ್ಲದ ಸಾಲವೂ ಇದ್ದಂತೆ ಆಗಬಹುದು.

ಸಹಾಯಕ್ಕೆ ನಿಂತ ಬಂಧು ಗಮನಿಸಬೇಕಾದ್ದು

ಸಾಲ ಸತ್ತವರದು, ಹೊಲ ಆಕೆಯದು, ತೀರ್ಮಾನವೂ ಆಕೆಯದೇ ಆಗಿರಬೇಕು. ಪ್ರತಿಯೊಂದು ಕಾಗದವನ್ನು ಆಕೆಗೆ ತಿಳಿಯುವ ಮಾತಿನಲ್ಲಿ, ಅದು ಕನ್ನಡವಿರಲಿ, ಮರಾಠಿಯಿರಲಿ, ಉರ್ದುವಿರಲಿ, ಪೂರ್ತಿ ಓದಿ ಹೇಳಬೇಕು. ಮಕ್ಕಳೆಲ್ಲರನ್ನೂ ಒಂದು ದಿನ ಕೂಡಿಸಿ, ಲೆಕ್ಕದ ವಹಿಯನ್ನು ಎಲ್ಲರ ಮುಂದೆ ಓದಿದರೆ ಸಂಶಯಕ್ಕೆ ಎಡೆಯಿರುವುದಿಲ್ಲ. ಬಂಧುವು ತನ್ನ ಕೈಯಿಂದ ಖರ್ಚು ಮಾಡಿದ್ದರೆ ಅದನ್ನೂ ಅದೇ ವಹಿಯಲ್ಲಿ ಬರೆಯಬೇಕು. ಆಕೆಯ ಎ.ಟಿ.ಎಂ. ಕಾರ್ಡು, ಗುಪ್ತ ಸಂಖ್ಯೆಗಳನ್ನು ತನ್ನ ಬಳಿ ಇಟ್ಟುಕೊಳ್ಳಬಾರದು. ಆಕೆ ಊಟ, ನಿದ್ದೆ ಬಿಟ್ಟು ಸಾಲದ ಮಾತನ್ನೇ ಆಡತೊಡಗಿದರೆ ಒಬ್ಬಳನ್ನೇ ಬಿಡದೆ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು.

ವಿಸ್ತರಣಾ ಕಾರ್ಯಕರ್ತರು ತಮ್ಮ ಹಳ್ಳಿಯ ಭೇಟಿಯಲ್ಲಿ ಬೆಳೆಯ ಮಾತಿನೊಡನೆ ಈ ವಿಷಯವನ್ನೂ ತಿಳಿಸುವುದು ಉಪಯುಕ್ತ. ಬದುಕಿರುವ ಯಜಮಾನರಿಗೂ ಇದರಲ್ಲಿ ಒಂದು ಪಾಠವಿದೆ. ಪ್ರತಿ ವರ್ಷ ಯುಗಾದಿಯ ದಿನ ಮನೆಯ ಸಾಲದ ಪಟ್ಟಿಯನ್ನು ಒಂದು ಹಾಳೆಯ ಮೇಲೆ ಬರೆದು, ಯಾರಿಗೆ ಕೊಡಬೇಕು, ಯಾರಿಂದ ಬರಬೇಕು, ವಿಮೆಯ ಕಾಗದ ಎಲ್ಲಿದೆ ಎಂಬುದನ್ನು ಹೆಂಡತಿಗೆ ಓದಿ ಹೇಳಿ ಪೆಟ್ಟಿಗೆಯಲ್ಲಿ ಇಡಬೇಕು. ಅದಕ್ಕೆ ಒಂದು ಗಂಟೆಯೂ ಹಿಡಿಯುವುದಿಲ್ಲ, ಒಂದು ರೂಪಾಯಿಯೂ ಖರ್ಚಾಗುವುದಿಲ್ಲ. ಮುಂದೆ ಆಕೆಯ ಹೊಲವನ್ನು ಕಾಯುವುದು ಆ ಒಂದು ಹಾಳೆಯೇ ಆಗಬಹುದು.